ಗಾರೆ ತಿಕ್ಕುವ ಕಲ್ಲು

ದೆವ್ವ ಗಿವ್ವ ಎಂದವರನ್ನು ಬೈದು ಕಳಿಸುವವನು ನಾನು. ಮಗ್ಗೆ ಕಡೆಯ ಗುಡ್ಡದ ಮೇಲಿನ ಹಳೇ ಪಾಳೇಗಾರರ ಕೋಟೆಯನ್ನು ನಾನೂರು ವರ್ಷದ ಹಿಂದೆ ಇದ್ದಂತೆಯೇ ಮಾಡಲು ಹೊರಟಾಗ, ಸುಣ್ಣದ ಗಾರೆ ಹಚ್ಚಲು ನನ್ನನ್ನು ಕರೆದರು. ಹಸಿ ಗಾರೆಯನ್ನು ನುಣುಪು ಕಲ್ಲಿನಿಂದ ತಿಕ್ಕಿದರೆ ಗೋಡೆ ಮುಖ ಕಾಣುವಷ್ಟು ಹೊಳೆಯುತ್ತದೆ. ಮೊದಲೆಲ್ಲ ತಿಕ್ಕುವ ಕೆಲಸ ನನ್ನ ಹೆಂಡತಿ ಬೀಬಿಜಾನಳದು. ಕಲ್ಲೂ ಅವಳದೇ. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು.

ಒಂದು ಸಂಜೆ ಮಂಜು ಕವಿದು, ಗಾರೆ ತಿಕ್ಕದೆಯೇ ಗುಡ್ಡ ಇಳಿದೆವು. ಬೆಳಿಗ್ಗೆ ಹೋದರೆ ಗೋಡೆ ಹೊಳೆಯುತ್ತಿತ್ತು.

“ಯಾರು ತಿಕ್ಕಿದ್ದು ಸಾಬ್ರೇ?” ಎಂದ ಜೊತೆಗಾರ ಕುಳ್ಳಯ್ಯ. “ಗೆರೆ ನೋಡಿ, ಉಲ್ಟಾ ವಾಲೈತೆ. ಇದು ಎಡಚರ ಕೆಲ್ಸ ಕಣ್ರೀ.”

ನಮ್ಮಲ್ಲಿ ಎಡಚರು ಯಾರೂ ಇರಲಿಲ್ಲ. ಬೀಬಿಜಾನ್ ಎಡಚಿ. ಹಿಂದಿನ ಸಂಜೆ ಕಟ್ಟೆಯ ಮೇಲೆ ಬಿಟ್ಟುಹೋಗಿದ್ದ ಅವಳ ಕಲ್ಲನ್ನು ಮುಟ್ಟಿದೆ. ಆ ಚಳಿಯಲ್ಲೂ, ಈಗಷ್ಟೇ ಯಾರೋ ಕೈಯಿಂದ ಇಳಿಸಿದ ಹಾಗೆ ಬೆಚ್ಚಗಿತ್ತು.

ಆಮೇಲೆ ದಿನವೂ ಒಂದು ಮೊಳ ಗೋಡೆಯನ್ನು ಬೇಕೆಂದೇ ತಿಕ್ಕದೆ ಬಿಟ್ಟು ಬರುತ್ತಿದ್ದೆ. ದಿನವೂ ಬೆಳಿಗ್ಗೆ ಅದು ಹೊಳೆಯುತ್ತಿತ್ತು.

ಕೋಟೆಯ ಕೆಲಸ ಮುಗಿದ ಮೇಲೆ ಕಲ್ಲನ್ನು ಮನೆಗೆ ತಂದೆ. ಈಗ ಸಂಜೆಯಾದರೆ ಅಡುಗೆಮನೆಯಲ್ಲಿ, ಅವಳು ಕೂರುತ್ತಿದ್ದ ಕಡೆಯ ಗೋಡೆಗೆ ಒಂದು ಮೊಳ ಗಾರೆ ಹಚ್ಚಿ, ಕಲ್ಲನ್ನು ಪಕ್ಕದಲ್ಲಿಟ್ಟು ಮಲಗುತ್ತೇನೆ.

ಬೆಳಿಗ್ಗೆ ಗೋಡೆ ಒರಟಾಗಿಯೇ ಇರುತ್ತದೆ. ಕಲ್ಲು ಮಾತ್ರ, ರಾತ್ರಿಯಿಡೀ ಯಾರೋ ಸುಮ್ಮನೆ ಕೈಯಲ್ಲಿ ಹಿಡಿದು ಕೂತಿದ್ದ ಹಾಗೆ ಬೆಚ್ಚಗಿರುತ್ತದೆ.