ಪಡಸಾಲೆಯ ಕಂಬ

ನನ್ನ ತಂಗಿ ಅರುಣಾಳ ಗಂಡ ಯುವರಾಜನಿಗೆ ಇಡೀ ರಾಣೆಬೆನ್ನೂರಿನಲ್ಲಿ ತನ್ನಂಥ ಜಾಣ ಇನ್ನೊಬ್ಬನಿಲ್ಲ ಎಂಬ ಭ್ರಮೆ. 2007ರಲ್ಲಿ, ಬೀದಿನಾಯಿಗಳಿಗೆ ಹೆದರಿ ಮನೆಯೊಳಗೇ ಸಾಕಿದ್ದ ಬೆಕ್ಕಿಗೆ ಹತ್ತಿ ಆಡಲು ಅಟ್ಟಣಿಗೆ ಬೇಕಾಯಿತು. ಹುಬ್ಬಳ್ಳಿಯ ಅಂಗಡಿಯಲ್ಲಿದ್ದವನ್ನೆಲ್ಲ ಅಲುಗಾಡಿಸಿ, "ಕಡ್ಡಿಪೆಟ್ಟಿಗಿ ಇವು" ಎಂದು ಮೂಗು ಮುರಿದ. ಕೊನೆಗೆ ಬ್ಯಾಡಗಿಯಲ್ಲಿ ಕೆಡವಿದ ಹಳೇ ಮನೆಯೊಂದರ ಪಡಸಾಲೆಯ ಕಂಬ ತಂದು, ಹಲಗೆ ಬಡಿದು, ಬೆಕ್ಕು ಉಗುರು ಕೆರೆಯಲೆಂದು ಬುಡದಿಂದ ತುದಿಯವರೆಗೆ ಹೊಸ ಹಗ್ಗ ಸುತ್ತಿದ.

ಬ್ಯಾಡಗಿಯಲ್ಲೇ ಹುಟ್ಟಿ ಬೆಳೆದ ಅವನ ತಾಯಿ ಕರಿಯವ್ವ ಕಂಬವನ್ನು ಗುರುತು ಹಿಡಿದರು. "ಯುವರಾಜಾ, ಆ ಮನ್ಯಾಗ ಯಾರ ಸತ್ತರೂ ಈ ಕಂಬಕ್ಕ ಆನಿಸಿ ಕೂಡ್ರಸ್ತಿದ್ರಪಾ."

"ಹೆಣಾ ತಡದೈತಿ ಅಂದ್ರ ಬೆಕ್ಕು ತಡಿಯಂಗಿಲ್ಲೇನು?" ಎಂದು ನಕ್ಕ ನಮ್ಮ ಮಹಾಶಯ.

ಬೆಕ್ಕು ಒಂದು ದಿನವೂ ಹತ್ತಲಿಲ್ಲ. ಕಂಬದಿಂದ ಒಂದು ಮೊಳ ಈಚೆ ನಿಂತು, ಬೆನ್ನು ಬಾಗಿಸಿ, ಖಾಲಿ ಗಾಳಿಗೆ ಮೈ ಉಜ್ಜುತ್ತ ಗುರುಗುಡುತ್ತಿತ್ತು. ನಾನು ಹಾವೇರಿಯಿಂದ ಹೋದಾಗ ಉರಿ ಮಧ್ಯಾಹ್ನ ಅಲ್ಲಿ ಕೈ ಚಾಚಿ ನೋಡಿದೆ. ಅಷ್ಟು ಜಾಗ ಮಾತ್ರ ಗಡಿಗೆಯ ನೀರಿನಂತೆ ತಣ್ಣಗಿತ್ತು.

"ಗಾಳಿ ಆಡತೈತ್ರಿ, ಅಕ್ಕಾರ" ಎಂದ ಜಾಣ, ಕಿಟಕಿಯೇ ಇಲ್ಲದ ಕೋಣೆಯಲ್ಲಿ ನಿಂತು.

ಹಗ್ಗದ ಮೇಲೆ ಉಗುರಿನ ಒಂದು ಗೀರೂ ಇರಲಿಲ್ಲ. ಆದರೆ ನೆಲದ ಮೇಲೆ ಕುಳಿತವರ ತಲೆ ಬರುವ ಎತ್ತರದಲ್ಲಿ, ದಿನಾ ಗೋಡೆಗೆ ತಲೆ ಆನಿಸಿದರೆ ಆಗುತ್ತದಲ್ಲ, ಅಂಥದೇ ಎಣ್ಣೆಯ ಕಲೆ ಮೂಡಿತ್ತು. ಯುವರಾಜ ಗೊಣಗುತ್ತಲೇ ಹಗ್ಗ ಬಿಚ್ಚಿ, ನನ್ನ ಕಣ್ಣೆದುರೇ ಹೊಸದು ಸುತ್ತಿದ.

ಮರುದಿನ ಕಲೆ ಅಲ್ಲೇ ಇತ್ತು. ಅದರ ಪಕ್ಕದಲ್ಲಿ, ತುಸು ಕೆಳಗೆ, ಮಗುವಿನ ತಲೆಯಷ್ಟು ಅಗಲದ ಇನ್ನೊಂದು ಕಲೆಯೂ ಇತ್ತು.