ಮೂರು ಸಾವಿರ ಮೀಟರ್ ಆಳದಲ್ಲಿ ಅಣ್ಣ

ಕಿರುಗಾವಲಿನಲ್ಲಿ ಬಸ್ಸಿಳಿದ ಸಿದ್ದೇಶನ ಎದುರಿಗೇ ಹೋಗಿ ನಿಂತಳು ಮೋಹಿನಿ.

"ಯಾವ ಮುಖ ಇಟ್ಕೊಂಡ್ ಬಂದೆ? ನಮ್ಮಣ್ಣ ಸಮುದ್ರಕ್ಕೆ ಬಿದ್ದು ಏಳ್ ತಿಂಗ್ಳಾಯ್ತು... ಒಂದ್ ಫೋನಾದ್ರೂ ಮಾಡ್ದ್ಯಾ?"

"ಮೋಹಿನಿ, ಒಸಿ ಕೇಳು..."

"ಏನ್ ಕೇಳ್ಲಿ? ಕೇಬಲ್ ಬ್ರೇಕು ನಿನ್ ಕೈಲೇ ಇತ್ತಂತೆ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಇವರಿಬ್ಬರಿಗೆ ಮದುವೆ ನಿಶ್ಚಯವಾಗಿತ್ತು. ಸಿದ್ದೇಶ್ ಮತ್ತು ಅವಳ ಅಣ್ಣ ರವಿಚಂದ್ರ ಒಂದೇ ಸಂಶೋಧನಾ ಹಡಗಿನವರು. ಸಮುದ್ರದ ತಳಕ್ಕೆ ಕೇಬಲ್ಲಿನಲ್ಲಿ ರೋಬೋಟ್ ಇಳಿಸಿ ಚಿತ್ರ ತೆಗೆಯುವ ಕೆಲಸ. ಬಿರುಗಾಳಿಯ ದಿನ ಕೇಬಲ್ ಹಿಡಿತ ತಪ್ಪಿ ಪೂರ್ತಿ ಬಿಚ್ಚಿಕೊಂಡು, ರೋಬೋಟಿನ ಜೊತೆ ರವಿಚಂದ್ರನೂ ಮುಳುಗಿದ. ಶವ ಸಿಗಲಿಲ್ಲ. ಅದಕ್ಕೇ ಮೋಹಿನಿಯ ಅವ್ವ ಸೋಮಮ್ಮ ಇವತ್ತಿಗೂ, 'ಯಾರೋ ದೋಣಿಯೋರು ಎತ್ಕೊಂಡಿರ್ತಾರೆ, ಬತ್ತಾನೆ ಬುಡು' ಅನ್ನುತ್ತಿದ್ದಳು.

ನಾಲೆಯ ಏರಿಗೆ ಬಂದಮೇಲೆ ಸಿದ್ದೇಶ್ ಬಾಯಿಬಿಟ್ಟ.

"ಬ್ರೇಕ್ ಒತ್ತಿದೆ ಕಣೇ... ಹಿಡೀಲಿಲ್ಲ. ಅವನ ಕಾಲಿಗೆ ಕೇಬಲ್ ಸುತ್ಕೊಂಡಿತ್ತು."

"ಆಮೇಲೆ?"

"ಇನ್ನೊಂದು ರೋಬೋಟ್ ತಗೊಂಡು ವಾಪಸ್ ಹೋದೊ. ಎಲ್ಲರೂ ಕಳೆದೋದ ಯಂತ್ರ ಹುಡುಕ್ತಿದ್ರು. ನಾನು ಅವನ್ನ ಹುಡುಕ್ತಿದ್ದೆ. ಮೂರು ಸಾವಿರ ಮೀಟರ್ ಆಳ... ಕ್ಯಾಮೆರಾದಲ್ಲಿ ಕಂಡ. ಕಾಲಲ್ಲಿ ಇನ್ನೂ ಅದೇ ಕೇಬಲ್ ಇತ್ತು."

ಮೋಹಿನಿ ಅವನ ತೋಳು ಹಿಡಿದಳು.

"ಮೇಲಕ್ಕೆ ತರೋಕೆ...?"

"ಆಗ್ಲಿಲ್ಲ. ರೋಬೋಟಿನ ಕೈ ಮುಟ್ಟಿದ್ರೆ ದೇಹ ಕಳಚ್ಕೊಂಡ್ ಬತ್ತಿತ್ತು..."

"ಮುಖ ನೋಡ್ದ್ಯಾ?"

"ಮರಳಿಗೆ ಬೋರಲಾಗಿತ್ತು. ತಿರುಗಿಸೋಕೆ ಮನಸ್ಸು ಬರ್ಲಿಲ್ಲ. ಲೈಟ್ ಆರಿಸ್ಬುಟ್ಟೆ. ಆಗ ಪರದೆ ಮುಂದೆ ನಾನೊಬ್ನೇ ಇದ್ದೆ, ಯಾರ್ಗೂ ಹೇಳ್ಲಿಲ್ಲ."

ಅವಳು ಅವನ ಎದೆಗೆ ಹೊಡೆದಳು. ಒಂದು, ಎರಡು... ಮೂರನೆಯದಕ್ಕೆ ಕೈಯಲ್ಲಿ ಶಕ್ತಿಯೇ ಉಳಿಯಲಿಲ್ಲ. ಅಲ್ಲೇ ಕುಸಿದು ಬಿಕ್ಕಿದಳು.

'ಏಳು ತಿಂಗಳು ಇವನಿಗೆ ಶಾಪ ಹಾಕಿದೆನಲ್ಲ!'

"ಅವ್ವ ಕಾಯ್ತಾವ್ರೆ ಅಂತ ಗೊತ್ತಿತ್ತು. ಏನಂತ ಹೇಳ್ಲಿ ಮೋಹಿನಿ? ಅದಕ್ಕೇ ಹೆದರ್ಕೊಂಡು ದೂರ ಉಳ್ದೆ."

"ಒಬ್ನೇ ಹೊತ್ಕೊಂಡ್ಯಲ್ಲ... ನಾನು ಯಾತಕ್ಕಿದ್ದೆ?"

"ಇಷ್ಟಾದ್ಮೇಲೂ ನಾನು ಬೇಕಾ ನಿಂಗೆ?"

"ಬೇಕು. ಎಂಥ ಕೆಟ್ಟ ಸುದ್ದಿಯಾದ್ರೂ ಇನ್ಮೇಲೆ ಮೊದ್ಲು ನಂಗೆ ಹೇಳ್ಬೇಕು, ಅಷ್ಟೇ."

"ಹೇಳ್ತೀನಿ. ಅವ್ವಂಗೆ ಮಾತ್ರ ನಾನೇ ಹೇಳ್ಬೇಕು ಕಣೇ."

"ಇಬ್ರೂ ಹೇಳುವ, ಬಾ."

ಮನೆ ಬಾಗಿಲಿಗೆ ಬರುವ ಹೊತ್ತಿಗೆ ಇಬ್ಬರ ಹೆಜ್ಜೆ ಸದ್ದು ಸೋಮಮ್ಮನಿಗೆ ಕೇಳಿಸಿತು.

"ಯಾರವ್ವಾ ಜೊತೇಲಿ?" ಒಳಗಿನಿಂದ ದನಿ ಬಂತು. "ರವೀನಾ?"

ಸಿದ್ದೇಶ್ ಹೊಸ್ತಿಲಲ್ಲೇ ನಿಂತುಬಿಟ್ಟ. ಮೋಹಿನಿ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಲ್ಲ ಕಣವ್ವಾ... ಸಿದ್ದೇಶ ಬಂದವ್ನೆ."