ತೊಂಬತ್ತೇಳನೆಯ ದಿನದ ಪೆಟ್ಟು

ಕೊರಳಿಗೆ ಬಿದ್ದ ಕೈ ಕಬ್ಬಿಣದಂತಿತ್ತು!

"ಕ್ಯಾಮೆರಾ ಕೊಡೋ ಕಳ್ಳ!"

ಅವನು ಗೋದಾಮಿನ ಹಮಾಲ. ಗೂಳಿ ಎಂದು ಅಡ್ಡಹೆಸರು. ಹೊಟ್ಟೆಗೆ ಮೊಣಕೈಯಿಂದ ತಿವಿದೆ. ಅಲುಗಲಿಲ್ಲ. ನನ್ನ ಮೊಣಕೈಯೇ ನೊಂದಿತು!

ಹೇಗೋ ಬಿಡಿಸಿಕೊಂಡು ಓಡಿದೆ... ತಾರಸಿ, ಮೆಟ್ಟಿಲು, ಅಂಗಳ... ಒಣಹಾಕಿದ ಚಾದರವೊಂದು ಮುಖಕ್ಕೆ ಸುತ್ತಿಕೊಂಡಿತು. ಹಿಂದೆ ಎಂಟು ಜೊತೆ ಬೂಟು. ಎದುರಿಗೊಂದು ಬಾಗಿಲು. ಯಾವ ಮನೆಯೆಂದೂ ನೋಡದೆ ನುಗ್ಗಿದೆ.

ನೆಲದ ಮೇಲೆ ಬೋರಲು ಮಲಗಿದ್ದವನು ಕತ್ತೆತ್ತಿ ನೋಡಿದ.

ಎರಡು ದಿನಗಳಿಂದ ನಾನು ಕದ್ದು ವಿಡಿಯೋ ಮಾಡುತ್ತಿದ್ದ ಮನುಷ್ಯ!

ನನ್ನ ಕಸುಬು ಹೇಳಿಬಿಡುತ್ತೇನೆ. ಕೆಲಸದಲ್ಲಿ ಪೆಟ್ಟಾದವರು ಪರಿಹಾರಕ್ಕೆ ಅರ್ಜಿ ಹಾಕುತ್ತಾರೆ. ಇವನು ಸುಳ್ಳುಗಾರನಾಗಿರುವ ಸಂಭವ ನೂರಕ್ಕೆ ಎಷ್ಟು ಎಂದು ವಿಮೆ ಕಂಪನಿಯ ಕಂಪ್ಯೂಟರ್ ಅಂಕ ಕೊಡುತ್ತದೆ. ಎಂಬತ್ತು ದಾಟಿದರೆ ನನ್ನನ್ನು ಛೂ ಬಿಡುತ್ತಾರೆ. ಇವನದು ತೊಂಬತ್ತೊಂದು.

"ನೀರು ಕೊಡೇ ಅವ್ರಿಗೆ," ಎಂದ ಹೆಂಡತಿಗೆ. "ಏದುಸಿರು ಬಿಡ್ತಿದ್ದಾರೆ."

ಆಕೆ ಲೋಟ ಕುಕ್ಕಿದಳು. "ಕುಡೀರಣ್ಣ. ಕುಡಿದು ಅದನ್ನೂ ವಿಡಿಯೋ ಮಾಡ್ಕೊಳ್ಳಿ!"

ಗೂಳಿ ಬಾಗಿಲು ತುಂಬಿ ನಿಂತ. ಹಿಂದೆ ಉಳಿದ ಏಳು ಜನ.

"ಬೆನ್ನಿನ ನರ ಜಜ್ಜಿ ಇವನ ಎಡಗಾಲು ಸತ್ತೋಗ್ತಾ ಇದೆ ಕಣಯ್ಯ! ಇವತ್ತು ಐದು ಗಂಟೆಯೊಳಗೆ ಆಪರೇಷನ್‌ಗೆ ವಿಮೆ ಕಂಪನಿ ಒಪ್ಪದಿದ್ರೆ ಆ ಕಾಲು ಮತ್ತೆ ಬರಲ್ಲ ಅಂದಿದ್ದಾರೆ ಡಾಕ್ಟ್ರು."

"ಹಾಗಿದ್ರೆ ಪೆಟ್ಟಾಗಿ ಮೂರು ದಿನ ಯಾಕೆ ಬಾಯಿ ಬಿಡ್ಲಿಲ್ಲ? ತೊಂಬತ್ತೊಂದು ಬಂದಿದ್ದೇ ಅದಕ್ಕೆ!"

ಎಂಟೂ ಜನ ನೆಲ ನೋಡಿದರು.

ಮಲಗಿದ್ದವನೇ ಹೇಳಿದ. ಗೋದಾಮಿನ ಬಾಗಿಲಲ್ಲೊಂದು ಬೋರ್ಡು. 'ಅಪಘಾತವಿಲ್ಲದ ದಿನಗಳು'. ನೂರು ಮುಟ್ಟಿದರೆ ಇಡೀ ತಂಡದ ಕೆಲಸ ಖಾಯಂ. ಇವನ ಬೆನ್ನ ಮೇಲೆ ಪೆಟ್ಟಿಗೆ ಬಿದ್ದದ್ದು ತೊಂಬತ್ತೇಳನೆಯ ದಿನ.

"ಇನ್ನು ಮೂರೇ ದಿನ ಅಲ್ವಾ ಅಂತ ತಡ್ಕೊಂಡೆ ಅಣ್ಣ. ಬೆಳಿಗ್ಗೆ ಇವ್ರೇ ಹೊತ್ಕೊಂಡು ಹೋಗಿ ಹಾಜರಿ ಹಾಕಿಸೋರು. ಮೂಟೆ ಮರೆಯಲ್ಲಿ ಮಲಗಿಸೋರು." ನಕ್ಕ. "ಅಷ್ಟು ಸುಖ ಅಮ್ಮನ ಮಡಿಲಲ್ಲೂ ಕಂಡಿರ್ಲಿಲ್ಲ."

ನನಗೆ ನಗು ಬರಲಿಲ್ಲ.

ತಡವಾಗಿ ಹೇಳಿದವನು ಸುಳ್ಳುಗಾರ... ಇದನ್ನು ಆ ಕಂಪ್ಯೂಟರಿಗೆ ಕಲಿಸಿದ್ದು ಯಾರು? ನನ್ನ ಹದಿನೆಂಟು ವರ್ಷಗಳ ವರದಿಗಳನ್ನೇ ಅದಕ್ಕೆ ಉಣಿಸಿದ್ದರು! ಅವುಗಳಲ್ಲಿ ಇಂಥ ಬೋರ್ಡಿಗೆ ಬಲಿಯಾದವರು ಎಷ್ಟು ಜನರೋ... ಭಗವಂತನೇ ಬಲ್ಲ.

"ಮುಚ್ಚಿಟ್ಟಿದ್ದು ನಾವೇ ಅಂತ ಬರೆದುಕೊಡ್ತೀರಾ?"

"ಕೊಟ್ರೆ ಖಾಯಂ ಹೋಗುತ್ತೆ," ಎಂದ ಗೂಳಿ.

ಉಳಿದ ಏಳು ಜನರ ಮುಖ ನೋಡಿ, ಅವನೇ ಕೈ ಚಾಚಿದ.

"ಪೆನ್ನು ಕೊಡಿ."

ಎಂಟೂ ಜನ ಬರೆದರು. ನಾನು ಓಡಿದೆ. ಸಿಗ್ನಲ್ ನೋಡಲಿಲ್ಲ, ಲಿಫ್ಟಿಗೆ ಕಾಯಲಿಲ್ಲ. ಆಫೀಸಿನಲ್ಲಿ ನಾಲ್ಕೂ ಮುಕ್ಕಾಲು. ಅರ್ಜಿ ನೋಡುವ ಮೇಡಂ ಎಂಟು ಹೇಳಿಕೆಗಳನ್ನೂ ಕಂಪ್ಯೂಟರಿಗೆ ಹಾಕಿದರು. ಚಕ್ರ ತಿರುಗಿತು... ತಿರುಗಿತು...

ತೊಂಬತ್ತೆಂಟು!

"ಹೆಚ್ಚಾಯ್ತಲ್ಲ ಮೇಡಂ!"

"ಎಂಟು ಜನ, ಒಂದೇ ದಿನ, ಒಂದೇ ಮಾತು. ಸೇರಿಕೊಂಡು ಕಟ್ಟಿದ ಕತೆ ಅಂತ ಹಿಡಿದಿದೆ. ನಿಮ್ಮ ಹಳೇ ಕೇಸುಗಳಿಂದಲೇ ಕಲ್ತಿದ್ದು."

"ನೀವು ಓದಿ! ಕಣ್ಣಾರೆ ಓದಿ ಒಪ್ಪಿಗೆ ಕೊಡಿ!"

ಅವರು ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ತೊಂಬತ್ತೈದರ ಮೇಲೆ ಹೋದ್ರೆ ಒಪ್ಪಿಗೆ ಕೊಡೋ ಬಟನ್ನೇ ಮಾಯವಾಗುತ್ತೆ. ತೊಂಬತ್ತೊಂದು ಇದ್ದಾಗಲೇ ಬಂದು ನನ್ನ ಹತ್ರ ಒಂದು ಮಾತು ಹೇಳಿದ್ರೆ... ನಾನೇ ಒತ್ತಿಬಿಡ್ತಿದ್ದೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಅಳುತ್ತಿದ್ದ. ದೇವರೇ ಕಲ್ಲು.

ಐದು ಹೊಡೆಯಿತು.

ಫೋನು ಬಂತು. ಅವನ ಹೆಂಡತಿ.

"ಅಣ್ಣಾ... ಎಂಟೂ ಜನ ನಿಜ ಬರೆದುಕೊಟ್ರಲ್ಲ, ಒಪ್ತಾ ಅದು?"



"ಇಲ್ಲ ತಾಯಿ. ಒಬ್ಬನಾದ್ರೂ ಸುಳ್ಳು ಹೇಳಬೇಕಿತ್ತು."